ಹಗ್ಗ ಮತ್ತೆ ಬಿಗಿದಿದೆ, ಮೇಷ್ಟ್ರೇ

ಹಗ್ಗದ ಮೇಷ್ಟ್ರಿಗೆ,

ನಿಮ್ಮ ಗೂಟ ಗಂಟಲು ಹರಿಯುವಷ್ಟು ಜೋರಾಗಿ ಮಾಡುವ ನಮಸ್ಕಾರ.

ನನ್ನ ಅಕ್ಷರ ಗುರುತು ಹಿಡಿದು ಕಾಗದ ಹರಿಯುವ ಮೊದಲು ಒಂದೇ ಒಂದು ಸಾಲು ಓದಿ: ಶೀಟು ಮಡಚುವ ನಮ್ಮ ಮಡಿಕೆ ವಿಭಾಗ ಉಳಿಯಿತು. ಉಳಿಯಿತು ಮೇಷ್ಟ್ರೇ! ಇವತ್ತು ಮಧ್ಯಾಹ್ನ ಮಾಲೀಕ ತನ್ನ ಬಾಯಿಂದಲೇ ಹೇಳಿದ. ಹೇಳುವಾಗ ಹುಳಿ ಮಾವಿನಕಾಯಿ ಕಚ್ಚಿದವನ ಹಾಗೆ ಮುಖ ಮಾಡಿದ್ದ, ಆದರೂ ಹೇಳಿದ. ನಮ್ಮ ಹೆಂಗಸರು ಒಬ್ಬರೂ ಮನೆಗೆ ಹೋಗುವುದಿಲ್ಲ. ಗುತ್ತಿಗೆಯವನು ಬರುವುದಿಲ್ಲ. ನಾನು ಬಟ್ಟೆ ಬದಲಾಯಿಸುವ ಕೋಣೆಯ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಮಡಿಕೆ ಮೇಜಿನ ನಮ್ಮ ಗೆಳತಿ ಸಿಡಿಲು ನಗುವುದು ಇಲ್ಲಿಗೂ ಕೇಳುತ್ತಿದೆ. ಅವಳ ನಗು ನಿಮಗೆ ಗೊತ್ತಲ್ಲ, ಬಾಯ್ಲರಿನ ಸೀಟಿಯನ್ನೂ ಮೀರಿಸುವಂಥದ್ದು. ಮಂಡಿಯ ಮೇಲಿಟ್ಟು ಬರೆಯುತ್ತಿದ್ದೇನೆ, ಸಾಲು ಸೊಟ್ಟಗಾದರೆ ಬೈಯಬೇಡಿ.

ನೀವು ಈ ಲಾಂಡ್ರಿಯ ಬಾಯ್ಲರ್ ಬಿಟ್ಟು ಮಗಳ ಊರಿಗೆ ಹೋಗುವ ಹಿಂದಿನ ದಿನ ಗೇಟಿನ ಹತ್ತಿರ ನನಗೆ ಹೇಳಿದ ಮಾತು ನೆನಪಿದೆಯೇ? ನನಗಂತೂ ಇದೆ. ಸಂಘದ ಮೆಗಾಫೋನ್ ಹಿಡಿದು ಮಾಲೀಕನ ವಿರುದ್ಧ ಕೂಗುತ್ತಿದ್ದ ನಾನು ಸೂಪರ್‌ವೈಸರ್ ಕೆಲಸಕ್ಕೆ ಒಪ್ಪಿಕೊಂಡ ಸುದ್ದಿ ಅಷ್ಟರಲ್ಲಿ ನಿಮ್ಮ ಕಿವಿಗೆ ಬಿದ್ದಿತ್ತು. ಚಹಾ ಲೋಟ ಅರ್ಧಕ್ಕೇ ಇಟ್ಟು, "ಹಗ್ಗಕ್ಕೆ ಎರಡೇ ತುದಿ ಇರೋದು, ಗೂಟ. ನೀನು ಆ ತುದಿಗೆ ಹೋದೆ. ಹೋಗು, ಚೆನ್ನಾಗಿ ಎಳಿ" ಅಂದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ನೀವು ರಸ್ತೆ ದಾಟಿಯಾಗಿತ್ತು. ಆಮೇಲೆ ಫೋನ್ ಮಾಡಿದರೆ ನಿಮ್ಮ ಮಗಳು ಎತ್ತುವಳು, "ಅಪ್ಪ ಮಲಗಿದ್ದಾರೆ" ಅನ್ನುವಳು. ಬೆಳಿಗ್ಗೆಯೂ ಮಲಗಿದ್ದಾರೆ, ಸಂಜೆಯೂ ಮಲಗಿದ್ದಾರೆ. ಇಡೀ ಜೀವಮಾನ ಬೆಂಕಿಯ ಮುಂದೆ ಎದ್ದು ನಿಂತ ಮನುಷ್ಯ ಈಗ ನನ್ನ ಫೋನ್ ಬಂದಾಗ ಮಾತ್ರ ನಿದ್ದೆ ಮಾಡುತ್ತಾನಂತೆ! ಕೋಪ ಬಂತು. ಇವತ್ತು ಬರೆಯುತ್ತಿರುವುದು ಆ ಕೋಪಕ್ಕೂ ಸೇರಿಸಿಯೇ.

ಆ ಕೆಲಸಕ್ಕೆ ನಾನಾಗಿ ಹಾರಿ ಬಿದ್ದಿರಲಿಲ್ಲ ಎನ್ನುವುದು ನಿಮಗೆ ಗೊತ್ತಿರಲಿ. ಹಳೇ ಸೂಪರ್‌ವೈಸರ್ ಬಿಟ್ಟು ಹೋದಾಗ ಮಾಲೀಕ ಹೊರಗಿನಿಂದ ಯಾರನ್ನೋ ತರುವುದರಲ್ಲಿದ್ದ. ಊಟದ ಹೊತ್ತಿಗೆ ಎಲ್ಲರೂ ನನ್ನನ್ನು ಸುತ್ತುವರಿದರು. ಸಿಡಿಲು ಸೊಂಟದ ಮೇಲೆ ಕೈಯಿಟ್ಟು, "ಯಾರೋ ಬಂದು ನಮ್ಮ ತಲೆ ಮೇಲೆ ಕೂರೋದಕ್ಕಿಂತ ನೀನೇ ಕೂತ್ಕೊಳೇ. ನಿನ್ನ ಭಾರ ಎಷ್ಟು ಅಂತ ಗೊತ್ತಾದ್ರೂ ಇದೆ" ಅಂದಳು. ಇದು ಆಯ್ಕೆಯೋ ಬೈಗುಳವೋ ನನಗೆ ಇವತ್ತಿಗೂ ತಿಳಿದಿಲ್ಲ.

ನಾನು ಆ ಸೂಪರ್‌ವೈಸರ್ ಬಿಲ್ಲೆ ಕುತ್ತಿಗೆಗೆ ಹಾಕಿಕೊಂಡ ವಾರದಲ್ಲೇ ಆಸ್ಪತ್ರೆಯಿಂದ ಶೀಟಿನ ಗಂಟುಗಳು ವಾಪಸ್ ಬರತೊಡಗಿದವು. ಮೇಲೆ ನೋಡಿದರೆ ಶೀಟು ಹಾಲಿನ ಹಾಗೆ ಬಿಳಿ, ಮಡಿಕೆ ಚೂರಿಯ ಹಾಗೆ ನೇರ. ಬಿಚ್ಚಿದರೆ ಒಳಗೆ ಹಸಿ, ಮುಗ್ಗಲು ವಾಸನೆ. ಆಸ್ಪತ್ರೆಯ ಹಿರಿಯ ದಾದಿ ಖುದ್ದು ಬಂದು ಮಾಲೀಕನ ಮೇಜಿನ ಮೇಲೆ ಒಂದು ಶೀಟು ಬಿಚ್ಚಿ ಹರಡಿ, "ಹೊಲಿಗೆ ಹಾಕಿದ ಹೊಟ್ಟೆ ಇದರ ಮೇಲೆ ಮಲಗುತ್ತೆ. ನೀವು ಮಲಗ್ತೀರಾ?" ಎಂದು ಕೇಳಿ ಹೋದಳು. ಆ ದಾದಿಯ ಮೇಲೆ ನನಗೆ ಆವತ್ತೇ ಗೌರವ ಹುಟ್ಟಿತು. ಮಾಲೀಕ ನನ್ನನ್ನು ಕರೆದು ಒಂದು ತಿಂಗಳ ಗಡುವು ಕೊಟ್ಟ. ಅಷ್ಟರಲ್ಲಿ ನಿಲ್ಲದಿದ್ದರೆ ಮಡಚುವ ಮೆಷಿನ್ ಬರುತ್ತದೆ, ಮೆಷಿನ್ ಜೊತೆ ಗುತ್ತಿಗೆಯವನು ಬರುತ್ತಾನೆ, ಮಡಿಕೆಯವರೆಲ್ಲ ಮನೆಗೆ.

ನಾನೇನು ಮಾಡಿದೆ? ನನಗೆ ಬರುವುದನ್ನೇ ಮಾಡಿದೆ. ಕೂಗಿದೆ. ಬೆಳಿಗ್ಗೆ ಭಾಷಣ, ಸಂಜೆ ಭಾಷಣ. ಒಗ್ಗಟ್ಟು ಎಂದೆ, ಹೊಟ್ಟೆಪಾಡು ಎಂದೆ, ಮಕ್ಕಳ ಮುಖ ನೋಡಿ ಎಂದೆ. ಭಾಷಣ ಮುಗಿದ ಕೂಡಲೇ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಓಡಿ, "ಕೊಡಿಲ್ಲಿ, ಹೀಗಲ್ಲ, ಹೀಗೆ" ಎಂದು ಕೈಯಿಂದ ಶೀಟು ಕಸಿದು ನಾನೇ ಮಡಚಿದೆ. ಹೆಂಗಸರು ಕೈ ಕಟ್ಟಿ ನಿಂತು ನನ್ನನ್ನು ನೋಡುತ್ತಿದ್ದರು, ಮದುವೆ ಮನೆಯಲ್ಲಿ ಒಬ್ಬಳೇ ಓಡಾಡುವ ಅತ್ತಿಗೆಯನ್ನು ಮಿಕ್ಕವರು ನೋಡುವ ಹಾಗೆ. ಗಂಟುಗಳು ವಾಪಸ್ ಬರುವುದು ನಿಲ್ಲಲಿಲ್ಲ. ಒಂದು ದಿನ ಸಿಡಿಲು ನನ್ನ ಮುಖಕ್ಕೇ ಹೇಳಿದಳು: "ಮೊದಲು ಗೇಟಿನ ಆ ಕಡೆ ನಿಂತು ಕೂಗ್ತಿದ್ದೆ. ಈಗ ಈ ಕಡೆ ನಿಂತು ಕೂಗ್ತೀಯ. ಗಂಟಲು ಅದೇ. ಪಾಪ, ನಮ್ಮ ಕಿವಿನೂ ಅವೇ."

ಅದೇ ವಾರ ಮಾಲೀಕ ಒಬ್ಬ ತರಬೇತಿ ಕೊಡುವ ಹುಡುಗಿಯನ್ನು ಕರೆಸಿದ. ಕೆಲಸಗಾರರಿಗೆ ಹುಮ್ಮಸ್ಸು ತುಂಬಿಸುತ್ತಾಳಂತೆ, ಟೈರಿಗೆ ಗಾಳಿ ತುಂಬಿಸಿದ ಹಾಗೆ. ಮೇಲಿನ ಕೋಣೆಯಲ್ಲಿ ಪರದೆ ಕಟ್ಟಿ, ಬೆಟ್ಟ ಹತ್ತುವ ಜನರ ಚಿತ್ರ ತೋರಿಸಿ, "ನಾವೆಲ್ಲ ಒಂದು ಕುಟುಂಬ" ಎಂದಳು. ಸಿಡಿಲು ಎದ್ದು ನಿಂತು, "ಹೌದಾ ತಾಯಿ? ಹಾಗಾದ್ರೆ ಸಾಹೇಬ್ರ ಮನೆ ಬೀಗದ ಕೈ ನಮಗೂ ಒಂದೊಂದು ಕೊಡಿಸ್ತೀರಾ?" ಅಂದಳು. ಕೋಣೆ ಬಿದ್ದು ಬಿದ್ದು ನಕ್ಕಿತು. ಹುಡುಗಿಯ ಮುಖ ಕೆಂಪಾಯಿತು, ಹಣೆಯಲ್ಲಿ ಬೆವರು. ನನಗೆ ಅಯ್ಯೋ ಅನ್ನಿಸಿತು. ಅವಳೂ ಸಂಬಳಕ್ಕೆ ಬಂದವಳೇ ತಾನೇ. ಆಗ ಅವಳು ಪರದೆ ಬಿಟ್ಟು, ನಮ್ಮ ಕಡೆ ತಿರುಗಿ, ಮೆಲ್ಲಗೆ ಹೇಳಿದಳು: "ಸರಿ, ಚಿತ್ರ ಬಿಡಿ. ಒಂದೇ ಮಾತು. ಹೇಳಿಕೊಡೋದು ಕಡಿಮೆ ಮಾಡಿ, ಕೇಳೋದು ಜಾಸ್ತಿ ಮಾಡಿ. ಉತ್ತರ ನಿಮಗೆ ಗೊತ್ತಿದೆ ಅನ್ನಿಸಿದ್ರೂ ಬಾಯಿ ಬಿಡಬೇಡಿ. ಅವರೇ ಹುಡುಕ್ಕೊಳ್ಳೋ ತನಕ ಕಾಯಿರಿ. ಇದಕ್ಕೆ ಕೋಚಿಂಗ್ ಅಂತಾರೆ."

ಕೋಚಿಂಗ್! ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಸಿಡಿಲು ನನ್ನ ಕಡೆ ತಿರುಗಿದಳು. ಇಬ್ಬರ ಕಣ್ಣಲ್ಲೂ ನೀವೇ ನಿಂತಿದ್ದಿರಿ, ಮೇಷ್ಟ್ರೇ. ಲುಂಗಿ ಎತ್ತಿ ಕಟ್ಟಿ, ಬರಿಗಾಲಲ್ಲಿ, ಕೆಸರಿನ ಮೈದಾನದಲ್ಲಿ.

ಕಾರ್ಮಿಕರ ಕ್ರೀಡಾಕೂಟಕ್ಕೆ ಹೆಂಗಸರ ಹಗ್ಗಜಗ್ಗಾಟದ ತಂಡ ಕಟ್ಟುತ್ತೇನೆ ಎಂದು ನೀವು ಹೇಳಿದಾಗ ಸಂಘದ ಗಂಡಸರೆಲ್ಲ ನಕ್ಕಿದ್ದರು. ಸಿಡಿಲನ್ನು ಹಗ್ಗದ ಮುಂದೆ ನಿಲ್ಲಿಸಿದಿರಿ, ನನ್ನನ್ನು ಕೊನೆಗೆ. ಕೊನೆಯವಳು ಗೂಟದ ಹಾಗೆ ನಿಲ್ಲಬೇಕು ಎಂದಿರಿ, ಅಲ್ಲಿಂದ ಇಡೀ ಲಾಂಡ್ರಿಗೆ ನಾನು ಗೂಟವಾದೆ. ನನ್ನ ಗಂಡನೂ ಈಗ ಹಾಗೇ ಕರೆಯುತ್ತಾನೆ, ನಿಮ್ಮಿಂದಾಗಿ. ಆಟದ ಒಂದು ನಿಯಮ ಇತ್ತಲ್ಲ: ಕೂಗಿ ಹುರಿದುಂಬಿಸುವವನು ಪಕ್ಕದಲ್ಲಿ ಓಡಾಡಬಹುದು, ಹಗ್ಗವನ್ನು ಮಾತ್ರ ಮುಟ್ಟಬಾರದು. ಬೆರಳು ತಾಗಿದರೂ ತಂಡ ಹೊರಗೆ. ನೀವು ಬಗ್ಗಿ ನಮ್ಮ ಉದ್ದಕ್ಕೂ ನಡೆಯುತ್ತಾ ಕೇಳುತ್ತಿದ್ದಿರಿ. "ನಿನ್ನ ಹಿಮ್ಮಡಿ ಎಲ್ಲಿದೆ?" "ನಿನ್ನ ಮುಂದಿನವಳು ಯಾವಾಗ ಉಸಿರು ಬಿಡ್ತಾಳೆ?" ಬರೀ ಪ್ರಶ್ನೆ. ನಾನು ರೇಗಿ, "ಹೇಳಿಬಿಡ್ರೀ ಮೇಷ್ಟ್ರೇ, ಯಾಕೆ ಸಾಯಿಸ್ತೀರಿ" ಎಂದಿದ್ದೆ. ನೀವು, "ನಾನು ಹೇಳಿದ್ರೆ ನನ್ನ ಕಾಲು ಗಟ್ಟಿಯಾಗುತ್ತೆ. ಎಳೆಯೋದು ನೀನು" ಎಂದು ಮುಂದೆ ಹೋಗಿದ್ದಿರಿ. ಮೊದಲ ವರ್ಷದ ಕೊನೆಯ ಪಂದ್ಯದಲ್ಲಿ ಗಿರಣಿಯ ಹೆಂಗಸರ ಎದುರು ಸಿಡಿಲು ಜಾರಿ ಬಿದ್ದಳು, ಹಗ್ಗ ಇಂಚಿಂಚಾಗಿ ಹೋಗತೊಡಗಿತು, ನೀವು ನಮ್ಮಿಂದ ಒಂದು ಗೇಣು ದೂರದಲ್ಲಿ ನಿಂತಿದ್ದಿರಿ. ಬೇರೆ ಯಾರಾದರೂ ಆಗಿದ್ದರೆ ಹಿಡಿದು ಎಳೆದೇಬಿಡುತ್ತಿದ್ದರು. ಕೊನೆಯಲ್ಲಿದ್ದ ನನಗೆ ನಿಮ್ಮ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನ ಹಿಂದೆ ನಿಮ್ಮ ಎರಡು ಕೈ ಒಂದನ್ನೊಂದು ಹಿಡಿದುಕೊಂಡು ನಡುಗುತ್ತಿದ್ದವು. ಆವತ್ತು ಸೋತೆವು. ಮರುವರ್ಷ ಅದೇ ಗಿರಣಿಯವರನ್ನು ಗೆರೆ ದಾಟಿಸಿ ಎಳೆದು ತಂದೆವು, ನೀವು ಒಂದು ಪ್ರಶ್ನೆಯನ್ನೂ ಕೇಳದೆ ಸುಮ್ಮನೆ ಬೀಡಿ ಸೇದುತ್ತಾ ನಿಂತಿದ್ದಿರಿ. ಕೇಳುವ ಅಗತ್ಯವೇ ಉಳಿದಿರಲಿಲ್ಲ.

ನೋಡಿ ಕಳ್ಳರನ್ನು! ಇದು ನಮ್ಮದು. ನಮ್ಮ ಸಂಘದ ಅಧ್ಯಯನ ಕೂಟದಲ್ಲಿ, ನಮ್ಮ ಮೈದಾನದ ಕೆಸರಿನಲ್ಲಿ ಹುಟ್ಟಿದ್ದು. ಅದರ ಕೆಸರು ತೊಳೆದು, ಇಸ್ತ್ರಿ ಹಾಕಿ, ಡಬ್ಬಿಗೆ ತುಂಬಿ ನಮಗೇ ಮಾರಲು ತಂದಿದ್ದಾರೆ. ಒಂದು ಕ್ಷಣ ಮೈಯೆಲ್ಲ ಉರಿಯಿತು. ಆಮೇಲೆ ಅನ್ನಿಸಿತು, ನಮ್ಮದೇ ಆದರೆ ವಾಪಸ್ ಕಿತ್ತುಕೊಂಡರಾಯಿತು.

ಆದರೆ ಒಂದು ಮಾತು ಆ ಹುಡುಗಿಯ ಪರದೆಯ ಮೇಲೆ ಇರಲಿಲ್ಲ. ಕೆಲಸಗಾರಳನ್ನು ಕೇಳುವುದು, ಅವಳು ಹೇಳುವುದು, ಆಮೇಲೆ ಮೇಲಿನ ಕೋಣೆಯಲ್ಲಿ ಮೊದಲೇ ಮಾಡಿಟ್ಟ ತೀರ್ಮಾನವೇ ನಡೆಯುವುದು, ಇದು ಪೊಲೀಸ್ ವಿಚಾರಣೆಯ ತಂಗಿ. ಉತ್ತರಕ್ಕೆ ಏನನ್ನಾದರೂ ಬದಲಿಸುವ ತಾಕತ್ತು ಇರಬೇಕು. ಇಲ್ಲದಿದ್ದರೆ ಕೇಳುವವಳ ಬಾಯಿಗೆ ಬೀಗ ಹಾಕುವುದೇ ಲೇಸು. ನಾನು ನೇರವಾಗಿ ಮಾಲೀಕನ ಕೋಣೆಗೆ ನುಗ್ಗಿದೆ. "ನಾನು ಅವರನ್ನು ಕೇಳ್ತೀನಿ. ಅವರು ಹೇಳಿದ್ದನ್ನ ಈ ತಿಂಗಳು ಮುಗಿಯೋ ತನಕ ನಡೆಸಬೇಕು. ಏನು ಹೇಳಿದ್ರೂ ಯಾರ ಮೇಲೂ ಕ್ರಮ ಇರಬಾರದು" ಎಂದೆ. ಆತ ಫೋನಿನಿಂದ ಕಣ್ಣೆತ್ತದೆ, "ಮೆಷಿನ್ ಬರೋ ತನಕ ಏನು ಬೇಕಾದ್ರೂ ಮಾಡ್ಕೊಳ್ಳಿ" ಎಂದ. ಅಷ್ಟು ಸಾಕಿತ್ತು ನನಗೆ. ಬಾಗಿಲಲ್ಲಿ ಆಫೀಸಿನ ಗುಮಾಸ್ತೆ ನಿಂತಿದ್ದಳು, ಅವಳನ್ನು ಸಾಕ್ಷಿ ಮಾಡಿಕೊಂಡೇ ಬಂದೆ.

ಈಗ ಕೇಳಬೇಕಲ್ಲ! ಕೇಳುವುದು ಅಷ್ಟು ಸುಲಭವೇ? ಮೊದಲು, "ಹಸಿ ಯಾಕೆ ಬರ್ತಿದೆ?" ಎಂದೆ. ಎಲ್ಲರೂ ಒಟ್ಟಿಗೆ, "ನಮಗೇನು ಗೊತ್ತು?" ಎಂದರು. ಯಾಕೆ ಎನ್ನದಿರುತ್ತಾರೆ? ಅದು ಲಾಠಿ ಹಿಡಿದು ಕೇಳುವ ಪ್ರಶ್ನೆ. ನಿಮ್ಮ "ಹಿಮ್ಮಡಿ ಎಲ್ಲಿದೆ?" ಹಾಗಿರಲಿಲ್ಲ. ಎರಡು ದಿನ ಯೋಚಿಸಿದೆ. ಮೂರನೆಯ ದಿನ ಸಿಡಿಲಿನ ಜೊತೆಗಾರ್ತಿ ರಜೆ ಹಾಕಿದ್ದಳು, ನಾನು ಸಿಡಿಲಿನ ಎದುರು ಜೋಡಿಯಾಗಿ ನಿಂತೆ. ಎರಡು ಮೂಲೆ ನನ್ನ ಕೈಲಿ, ಎರಡು ಅವಳ ಕೈಲಿ. ಎಳೆದು ಬಿಗಿ ಮಾಡಿ, ಮಡಚಿ, ನಡೆದು ಬಂದು, ಕೈಗೆ ಕೈ ತಾಗಿಸಿ, ಮತ್ತೆ ಹಿಂದೆ. ಎಷ್ಟು ವರ್ಷದಿಂದ ಮಾಡಿದ ಕುಣಿತ! ಅದರ ನಡುವೆ ಕೇಳಿದೆ: "ಶೀಟು ಕೈಗೆ ಬಂದ ತಕ್ಷಣ ನಿನ್ನ ಬೆರಳಿಗೆ ಮೊದಲು ಏನು ಗೊತ್ತಾಗುತ್ತೆ?"

ಅವಳು ಮುಂದಿನ ಶೀಟು ಎಳೆದುಕೊಂಡಳು. ನಾನು ಮೂಲೆ ಹಿಡಿದೆ, ಬಾಯಿ ಬಿಡಲಿಲ್ಲ. ಮೇಷ್ಟ್ರೇ, ಅದು ನನಗೆಂಥ ಶಿಕ್ಷೆ ಎಂದು ನಿಮಗಲ್ಲದೆ ಯಾರಿಗೆ ಗೊತ್ತು! ಲಾಕಪ್ಪಿನಲ್ಲಿ ಇಟ್ಟಾಗಲೂ ಸುಮ್ಮನಿರದವಳು ನಾನು. ನಾಲಿಗೆ ಹಲ್ಲಿನ ಹಿಂದೆ ಕಟ್ಟಿಹಾಕಿದ ನಾಯಿಯ ಹಾಗೆ ಎಗರುತ್ತಿತ್ತು. ಒಂದರ ಮೇಲೊಂದು ಶೀಟು ಮಡಚಿದೆವು. ಕೊನೆಗೆ ಅವಳೇ, "ಹಸಿ ಇದ್ರೆ ಗೊತ್ತಾಗುತ್ತೆ. ಯಾಕೆ ಗೊತ್ತಾಗಲ್ಲ? ಬೆರಳು ಸತ್ತಿಲ್ಲ" ಅಂದಳು.

"ಗೊತ್ತಾದ್ರೆ ಏನು ಮಾಡ್ತೀಯ?"

"ಒಳಗೆ ಹೋಗೋ ಹಾಗೆ ಮಡಚ್ತೀನಿ."

ಕಿರುಚಬೇಕು ಅನ್ನಿಸಿತು. ತುಟಿ ಕಚ್ಚಿಕೊಂಡೆ. ಯಾಕೆ ಎಂದು ಕಣ್ಣಲ್ಲೇ ಕೇಳಿದೆ. ಅವಳು ಶೀಟಿನ ತನ್ನ ತುದಿಯನ್ನು ಮೇಜಿನ ಮೇಲೆ ಒಗೆದು ಗುಡುಗಿದಳು: "ಯಾಕೆ ಅಂತ ನೋಡ್ತೀಯಲ್ಲೇ! ರೋಲರಿನವರಿಗೆ ಹಸಿ ಶೀಟು ತಿರುಗಿಸಿ ಕೊಡಬಾರದು ಅಂತ ಹೇಳಿದ್ದು ಯಾರು? ಮೇಷ್ಟ್ರು. ಅದನ್ನ ಮೆಗಾಫೋನಿನಲ್ಲಿ ಕೂಗಿ ಕೂಗಿ ಹೇಳಿದ್ದು ಯಾರು? ನೀನು!"

ನನಗೆ ನಿಂತ ನೆಲವೇ ಬೆಳಗಿದ ಹಾಗಾಯಿತು. ನಿಮಗೂ ಈಗ ಆಗುತ್ತಿರಬೇಕು. ನೆನಪಿದೆಯಲ್ಲ, ಹಿಂದೆ ಬಿಸಿ ರೋಲರಿನಲ್ಲಿ ಇಸ್ತ್ರಿ ಮಾಡುವವರಿಗೆ ನಾವು ಹಸಿ ಶೀಟು ತಿರುಗಿಸಿ ಕೊಟ್ಟರೆ ಪ್ರತಿ ಶೀಟಿಗೂ ಮಾಲೀಕ ಅವರ ಕೂಲಿಯಲ್ಲಿ ದಂಡ ಮುರಿದುಕೊಳ್ಳುತ್ತಿದ್ದ. ಮಡಿಕೆಯವರ ಕೈಯಿಂದಲೇ ರೋಲರಿನವರ ಹೊಟ್ಟೆಗೆ ಹೊಡೆಸುವ ಉಪಾಯ. ಆಗ ನೀವು ಹೇಳಿದಿರಿ: ಒಂದು ಶೀಟನ್ನೂ ತಿರುಗಿಸಬೇಡಿ, ನಮ್ಮವರ ಮೇಲೆ ನಾವೇ ಚಾಡಿ ಹೇಳುವುದು ಬೇಡ. ನಾವು ತಿರುಗಿಸಲಿಲ್ಲ. ಮುಷ್ಕರ ಗೆದ್ದೆವು, ದಂಡ ರದ್ದಾಯಿತು. ದಂಡ ಹೋಯಿತು, ನಿಯಮ ಉಳಿದುಕೊಂಡಿತು! ಹೊಸದಾಗಿ ಬಂದ ಪ್ರತಿ ಹುಡುಗಿಗೂ ಸಿಡಿಲು ಮೊದಲ ದಿನವೇ ಕಿವಿಯಲ್ಲಿ ಹೇಳಿಕೊಡುತ್ತಿದ್ದಳಂತೆ, ಸೊಸೆಗೆ ಮನೆಯ ರೀತಿ ಹೇಳಿಕೊಟ್ಟ ಹಾಗೆ: ಶೀಟು ತಿರುಗಿಸಿದವಳು ಚಾಡಿಕೋರಳು. ಇಷ್ಟು ದಿನ ತೆಳ್ಳನೆಯ ಶೀಟಾದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಈ ವರ್ಷ ಆಸ್ಪತ್ರೆಯವರು ದಪ್ಪ ಶೀಟು ತಂದರು, ರೋಲರ್ ಹಳೇ ವೇಗದಲ್ಲೇ ಓಡಿತು, ಅಂಚುಗಳು ಹಸಿ ಉಳಿದವು. ನಮ್ಮವರು ಆ ಹಸಿಯನ್ನು ಒಳಗಿಟ್ಟು ಮಡಚಿದರು, ಸೋಮಾರಿತನಕ್ಕಲ್ಲ, ತಾತ್ಸಾರಕ್ಕಲ್ಲ, ನಿಷ್ಠೆಗೆ! ಯಾವ ಮಾಲೀಕ, ಯಾವ ತರಬೇತಿಯವಳು ಇದನ್ನು ಕಂಡುಹಿಡಿಯುತ್ತಿದ್ದಳು ಹೇಳಿ? ಇಂಥ ತಪ್ಪು ಮಾಡಲು ಮೊದಲು ಒಂದು ಮುಷ್ಕರ ಗೆದ್ದಿರಬೇಕು. ನಾನು ನಕ್ಕೆ. ಸಿಡಿಲು ಮೊದಲು ಸಿಟ್ಟಾದಳು, ಆಮೇಲೆ ಅವಳೂ ನಕ್ಕಳು. "ನನ್ನ ಗಂಡ ಆ ರೋಲರಿನ ಮೇಲೇ ಇರೋದು ಕಣೇ. ಮನೇಲಿ ಅವನು ಒಂದು ಅಂದ್ರೆ ನಾಲ್ಕು ತಿರುಗಿಸ್ತೀನಿ. ಇಲ್ಲಿ ಮಾತ್ರ ಒಂದು ಶೀಟೂ ತಿರುಗಿಸಿಲ್ಲ" ಅಂದಳು.

ಮರುದಿನ ಊಟದ ಹೊತ್ತಿಗೆ ಮಡಿಕೆಯವರು, ರೋಲರಿನವರು ಎದುರುಬದುರು ಕೂತರು. ಮುಷ್ಕರ ಆದಮೇಲೆ ಹೀಗೆ ಕೂತದ್ದು ಇದೇ ಮೊದಲು. ನಾನು ಒಂದೇ ಪ್ರಶ್ನೆ ಇಟ್ಟೆ: "ಹಸಿ ಶೀಟನ್ನ ಯಾರಿಗೂ ತಿರುಗಿಸಬಾರದು. ಒಳಗೂ ಮಡಚಬಾರದು. ಹಾಗಾದ್ರೆ ಏನು ಮಾಡೋಣ?" ಕೇಳಿ, ಡಬ್ಬಿ ತೆರೆದು ಬಾಯಿ ತುಂಬ ಅನ್ನ ತುಂಬಿಕೊಂಡೆ, ಮಾತು ಹೊರಗೆ ಬರದಿರಲಿ ಎಂದು. ಗಲಾಟೆಯೋ ಗಲಾಟೆ. ಬುಟ್ಟಿಗೆ ಹಾಕೋಣ ಎಂದರೊಬ್ಬರು. ಬುಟ್ಟಿಯಲ್ಲಿ ಒಂದರ ಹಸಿ ಇನ್ನೊಂದಕ್ಕೆ ಹತ್ತುತ್ತದೆ ಎಂದರಿನ್ನೊಬ್ಬರು. ಹಳೇ ಜಗಳಗಳೆಲ್ಲ ಎದ್ದು ಬಂದವು, ಯಾರ ಮದುವೆಗೆ ಯಾರು ಬರಲಿಲ್ಲ ಎನ್ನುವವರೆಗೆ ಹೋಯಿತು. ನನ್ನ ಹತ್ತಿರ ಒಂದು ಉಪಾಯ ಇತ್ತು, ಮೇಷ್ಟ್ರೇ. ನುಂಗಿದೆ. ಅನ್ನದ ಜೊತೆ ನುಂಗಿದೆ. ಕೊನೆಗೆ ಸಿಡಿಲಿನ ಗಂಡ, ಅವಳ ಮುಂದೆ ಅಪರೂಪಕ್ಕೆ ಬಾಯಿ ತೆರೆಯುವ ಮನುಷ್ಯ, ಗೋಡೆ ನೋಡಿಕೊಂಡು, "ನೇತು ಹಾಕಿ. ರೋಲರ್ ಪಕ್ಕ ಕಾವು ಇರುತ್ತೆ" ಎಂದ. ಎಲ್ಲರೂ ಅವನ ಕಡೆ ತಿರುಗಿದರು. ಯಾವುದರ ಮೇಲೆ ನೇತು ಹಾಕೋದು, ತಂತಿಯಾದರೆ ಗೆರೆ ಬೀಳುತ್ತೆ, ತುಕ್ಕು ಹತ್ತುತ್ತೆ ಎಂದು ಇನ್ನೊಬ್ಬಳು. ಸಿಡಿಲು ಎದ್ದಳು. ಬಟ್ಟೆ ಬದಲಾಯಿಸುವ ಕೋಣೆಗೆ ಹೋದಳು. ಏನೋ ದರದರ ಎಳೆಯುವ ಸದ್ದು.

ನಿಮ್ಮ ಹಗ್ಗ, ಮೇಷ್ಟ್ರೇ! ತಂಡ ಮುರಿದ ಮೇಲೆ ಬೀರುವಿನ ಮೇಲೆ ಹಾವಿನ ಹಾಗೆ ಸುತ್ತಿಕೊಂಡು ಬಿದ್ದಿದ್ದ, ತೋಳಿನಷ್ಟು ದಪ್ಪದ ನಿಮ್ಮ ಹಗ್ಗ! ಅದರ ನಾರು ಹತ್ತದಿರಲಿ ಎಂದು ಹರಿದ ಶೀಟುಗಳನ್ನು ಪಟ್ಟಿ ಪಟ್ಟಿ ಮಾಡಿ, ಒಗೆದು, ಉದ್ದಕ್ಕೂ ಸುತ್ತಿದರು. ಒಂದು ತುದಿ ರೋಲರಿನವರ ಕಂಬಕ್ಕೆ, ಇನ್ನೊಂದು ತುದಿ ನಮ್ಮ ಕಂಬಕ್ಕೆ. ನಮ್ಮ ಕಡೆಯ ಗಂಟು ಸಿಡಿಲು ಹಾಕುತ್ತಿದ್ದಳು, ತಪ್ಪು ಹಾಕುತ್ತಿದ್ದಳು. ಅದು ನಿಲ್ಲುವುದಿಲ್ಲ ಎಂದು ನನಗೆ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತಿತ್ತು. ನಾನು ಗೂಟ, ಹಗ್ಗದ ಕೊನೆಯೇ ನನ್ನ ಜಾಗ. ಕೈ ತಾನಾಗಿ ಮುಂದೆ ಹೋಯಿತು. ಎಲ್ಲರೂ ಒಟ್ಟಿಗೆ, "ಮುಟ್ಟಬೇಡ!" ಎಂದು ಕೂಗಿದರು. ಕೂಗಿ ನಕ್ಕರು. ನಾನು ಎರಡೂ ಕೈ ಬೆನ್ನ ಹಿಂದೆ ಒಯ್ದು ಒಂದನ್ನೊಂದು ಹಿಡಿದುಕೊಂಡೆ. ಆಗ ತಿಳಿಯಿತು, ನಿಮ್ಮ ಕೈ ಯಾಕೆ ನಡುಗುತ್ತಿತ್ತು ಎಂದು.

ಗಂಟು ನಿಲ್ಲಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಹತ್ತಾರು ಶೀಟು ಸಮೇತ ಹಗ್ಗ ನೆಲಕ್ಕೆ ಕುಸಿಯಿತು, ಸರಿಯಾಗಿ ಮಾಲೀಕ ಬಾಗಿಲಲ್ಲಿ ನಿಂತಿದ್ದಾಗ. "ಏನಿದು, ಸರ್ಕಸ್ಸಾ?" ಎಂದು ಹೋದ. ಗಡುವಿಗೆ ಉಳಿದದ್ದು ಎರಡು ವಾರ. ನಾನು ಒಂದು ಮಾತು ಹೇಳಿದ್ದರೆ ಇದು ಆಗುತ್ತಿರಲಿಲ್ಲ. ಹೇಳಿರಲಿಲ್ಲ. ಹೆಂಗಸರು ಬಿದ್ದ ಶೀಟುಗಳನ್ನು ಮತ್ತೆ ಒಗೆಯಲು ಹಾಕಿ, ಕಂಬದ ಸುತ್ತ ನಿಂತು, ನನ್ನ ಕಡೆ ತಿರುಗಿಯೂ ನೋಡದೆ, ಒಬ್ಬರನ್ನೊಬ್ಬರು ಕೇಳಿಕೊಂಡರು: "ಇದರ ಹಿಮ್ಮಡಿ ಎಲ್ಲಿದೆ?" ಹಗ್ಗದ ಹಿಮ್ಮಡಿ! ಕಂಬದ ಬುಡಕ್ಕೆ ಎರಡು ಸುತ್ತು ಹಾಕಿ, ಮೇಲಕ್ಕೆ ತಂದು, ಬಿಗಿದರು. ಆಮೇಲೆ ಒಬ್ಬಳು ಜೋತುಬಿದ್ದು ನೋಡಿದಳು. ಅಲುಗಲಿಲ್ಲ. ನಾನು ಹಾಕುತ್ತಿದ್ದ ಗಂಟಿಗಿಂತ ಚೆನ್ನಾಗಿತ್ತು ಎಂದು ಹೊಟ್ಟೆ ಉರಿದುಕೊಂಡೇ ಬರೆಯುತ್ತಿದ್ದೇನೆ.

ಅಲ್ಲಿಂದ ಮುಂದಿನದು ಕೇಳಿ. ಹಸಿ ಶೀಟು ಸಿಕ್ಕ ಕೂಡಲೇ ಹಗ್ಗಕ್ಕೆ. ಯಾರು ಹಾಕಿದರು, ಯಾರ ರೋಲರಿನದು, ಹೆಸರಿಲ್ಲ. ಒಣಗಿದ್ದನ್ನು ಕೈ ಖಾಲಿ ಇದ್ದವರು ಮಡಚುವರು. ರೋಲರಿನವರು ತಾವಾಗಿ ಬಂದು ಮೂಲೆ ಹಿಡಿಯತೊಡಗಿದರು. ಆಸ್ಪತ್ರೆಯಿಂದ ಶೀಟಿನ ಗಂಟು ವಾಪಸ್ ಬರುವುದು ನಿಂತಿತು. ಆದರೆ ಹಗ್ಗ ತುಂಬಿಹೋಗುತ್ತಿತ್ತು, ಬೆಳ್ಳಗೆ, ಸಾಲಾಗಿ. ಇಷ್ಟು ದಿನ ಮಡಿಕೆಯೊಳಗೆ ಅಡಗಿದ್ದದ್ದು ಈಗ ಎಲ್ಲರ ಕಣ್ಣ ಮುಂದೆ ತೂಗುತ್ತಿತ್ತು. ಮಾಲೀಕ ಬಂದ. "ಇಷ್ಟೊಂದು ಹಸಿನಾ?" ಎಂದ. ಅವನ ಮುಂದೆ ನಿಂತು ಮಾತಾಡುವುದು ನನ್ನ ಹಕ್ಕು ಎಂದು ಅಷ್ಟು ವರ್ಷದಿಂದ ನಂಬಿದವಳು ನಾನು. ಒಂದು ಹೆಜ್ಜೆ ಮುಂದಿಟ್ಟೆ. ಸಿಡಿಲು ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ ತಾನು ನಿಂತಳು. ನಾನು ಬೈಗುಳಕ್ಕೆ ಕಾದೆ. ಅವಳು ಮೆತ್ತಗೆ, ಅತ್ತೆಯ ಮನೆಗೆ ಹೊಸದಾಗಿ ಬಂದವಳ ಹಾಗೆ ಕೇಳಿದಳು: "ಸರ್, ಶೀಟು ದಪ್ಪ ಆಗಿದೆ. ರೋಲರ್ ತೆಳ್ಳನೆ ಶೀಟಿನ ವೇಗದಲ್ಲೇ ಓಡ್ತಿದೆ. ನಿಮಗೇನು ಅನ್ಸುತ್ತೆ?"

ಕೇಳಿ, ಸುಮ್ಮನೆ ನಿಂತಳು. ಸಿಡಿಲು ಸುಮ್ಮನೆ! ರೋಲರಿನವರು ಸುಮ್ಮನೆ. ಮಡಿಕೆಯವರು ಸುಮ್ಮನೆ. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಪಾಠ ಒಪ್ಪಿಸುವ ಮಗುವನ್ನು ನೋಡುವ ಹಾಗೆ, ಪ್ರೀತಿಯಿಂದ, ಒಂದಿಷ್ಟೂ ಬಿಡದೆ. ಮಾಲೀಕ ಕೆಮ್ಮಿದ. ಕನ್ನಡಕ ತೆಗೆದು ಒರೆಸಿದ. ಹಗ್ಗ ನೋಡಿದ, ರೋಲರ್ ನೋಡಿದ. ಎಷ್ಟು ಧಿಕ್ಕಾರ ಕೂಗಿದ್ದೆವು ನಾವು ಇವನಿಗೆ, ಒಮ್ಮೆಯೂ ಈ ಮನುಷ್ಯ ಹೀಗೆ ಬೆವರಿರಲಿಲ್ಲ. ಕೊನೆಗೆ, "ವೇಗ ಸ್ವಲ್ಪ ಇಳಿಸಿ ನೋಡಿ" ಎಂದ. ಸಿಡಿಲು, "ಒಳ್ಳೇ ಐಡಿಯಾ ಕೊಟ್ರಿ ಸರ್" ಎಂದಳು. ನಾನು ರೋಲರಿನ ಹಿಂದೆ ಹೋಗಿ ಬಾಯಿಗೆ ಟವೆಲ್ ತುರುಕಿಕೊಂಡು ನಕ್ಕೆ.

ಇವತ್ತು ಹಿರಿಯ ದಾದಿ ಬಂದಿದ್ದಳು. ಮೇಲಿನ ಗಂಟು ಮುಟ್ಟಲಿಲ್ಲ, ಜಾಣೆ, ತಳದಲ್ಲಿದ್ದದ್ದನ್ನು ಎಳೆಸಿದಳು. ಮಡಿಕೆಯೊಳಗೆ ಕೈ ಹೊಗಿಸಿದಳು, ಬಿಚ್ಚಿ ಅಂಚನ್ನು ಕೆನ್ನೆಗೆ ಒತ್ತಿಕೊಂಡಳು. ಆ ಹೊತ್ತು ನಮ್ಮ ಹೆಂಗಸರು ಉಸಿರು ಹಿಡಿದು ನಿಂತದ್ದು ನೀವು ನೋಡಬೇಕಿತ್ತು, ಎಲ್ಲರೂ ಹಿಮ್ಮಡಿ ಊರಿ, ಒಟ್ಟಿಗೆ, ಕೈಯಲ್ಲಿ ಹಗ್ಗ ಇಲ್ಲ ಅಷ್ಟೇ. "ಒಣಗಿದೆ. ಕಳಿಸಿ" ಎಂದಳು ದಾದಿ. ಆಮೇಲೆ ಮಾಲೀಕ ಆ ಮಾವಿನಕಾಯಿ ಮುಖ ಮಾಡಿದ. ಮೆಷಿನ್ ಬೇಡ, ಗುತ್ತಿಗೆ ಬೇಡ, ಮಡಿಕೆ ವಿಭಾಗ ಹೀಗೇ ಇರಲಿ ಎಂದ. ಸಿಡಿಲು ಅಷ್ಟಕ್ಕೆ ಬಿಡಲಿಲ್ಲ. ಹಗ್ಗದ ಮೇಲಿನ ಶೀಟಿಗಾಗಿ ಇನ್ನೆಂದೂ ಯಾರ ಕೂಲಿಯನ್ನೂ ಮುರಿಯುವುದಿಲ್ಲ ಎಂದು ದಾದಿಯ ಎದುರಿಗೇ ಅವನ ಬಾಯಿಂದ ಹೇಳಿಸಿದಳು.

ಈಗ ನಿಮ್ಮ ಆ ಮಾತಿಗೆ ಬರುತ್ತೇನೆ. ಹಗ್ಗಕ್ಕೆ ಎರಡೇ ತುದಿ ಎಂದಿರಿ. ನಾನು ಈ ತಿಂಗಳೆಲ್ಲ ಯೋಚಿಸಿದೆ, ನಾನು ಯಾವ ತುದಿಯಲ್ಲಿದ್ದೇನೆ ಎಂದು. ಸುಳ್ಳು ಹೇಳುವುದಿಲ್ಲ: ಈ ಬಿಲ್ಲೆ ಕುತ್ತಿಗೆಗೆ ತಣ್ಣಗೆ ತಾಗುತ್ತದೆ, ಇದನ್ನು ಕೊಟ್ಟವನು ಮಾಲೀಕನೇ. ನಾಳೆ ಕೂಲಿಯ ಮಾತು ಎದ್ದಾಗ ಈ ಪ್ರಶ್ನೆ ಕೇಳುವ ಆಟ ಸಾಲುವುದಿಲ್ಲ, ಅದೂ ಗೊತ್ತು. ಆವತ್ತು ಇದನ್ನು ಕಿತ್ತೆಸೆದು ನನ್ನ ಹಳೇ ಜಾಗಕ್ಕೆ ಹೋಗುತ್ತೇನೆ, ಕೊನೆಯಲ್ಲಿ, ಕಾಲು ಊರಿ. ಸಿಡಿಲು ಈಗಲೇ ಎಚ್ಚರಿಸಿದ್ದಾಳೆ, "ಬರದೇ ಇದ್ರೆ ನಿನ್ನನ್ನೇ ಹಗ್ಗಕ್ಕೆ ನೇತು ಹಾಕ್ತೀವಿ" ಎಂದು. ಆದರೆ ಅಲ್ಲಿಯವರೆಗೆ? ಎರಡು ತುದಿಯಲ್ಲೂ ಇಲ್ಲದ, ಹಗ್ಗದ ಪಕ್ಕದಲ್ಲಿ ಒಂದು ಗೇಣು ದೂರದ ಜಾಗ ಒಂದಿದೆಯಲ್ಲ, ಮೇಷ್ಟ್ರೇ. ಕೆಸರಲ್ಲಿ ಬರಿಗಾಲಲ್ಲಿ ಓಡಾಡುವ ಜಾಗ. ಅದರ ಬಗ್ಗೆ ನೀವು ಆವತ್ತು ಯಾಕೆ ಹೇಳಲಿಲ್ಲ? ಇಡೀ ಆಯಸ್ಸು ನೀವು ನಿಂತದ್ದು ಅಲ್ಲೇ. ನನ್ನನ್ನು ಬೈದು ಹೋಗುವಾಗ ಖಾಲಿ ಬಿಟ್ಟು ಹೋದದ್ದು ಅದೇ ಜಾಗ. ನಾನು ನಿಂತಿರುವುದು ಅಲ್ಲಿ.

ಬನ್ನಿ. ನಿದ್ದೆ ಮಾಡಿದ್ದು ಸಾಕು. ಬಸ್ಸು ಹತ್ತಿ ಬನ್ನಿ, ನಿಮ್ಮ ಹಗ್ಗ ಏನು ಕೆಲಸ ಮಾಡುತ್ತಿದೆ ನೋಡಿ. ಹೊಸ ಹುಡುಗಿಯರಿಗೆ ಮತ್ತೆ ತಂಡ ಕಟ್ಟುವ ಹುಚ್ಚು ಹಿಡಿದಿದೆ, ಅವರಿಗೊಂದು ಹೊಸ ಹಗ್ಗ ಬೇಕು, ಹಳೆಯದಕ್ಕೆ ಬಿಡುವಿಲ್ಲ. ಬಂದಾಗ ಗೇಟಿನಲ್ಲಿ ಅರ್ಧಕ್ಕೇ ಬಿಟ್ಟ ಚಹಾ ಪೂರ್ತಿ ಕುಡಿದೇ ಒಳಗೆ ಬರಬೇಕು. ಆಮೇಲೆ ಬೈಯಿರಿ, ಬೇಕಾದಷ್ಟು ಬೈಯಿರಿ. ನಾನು ಬಾಯಿ ಮುಚ್ಚಿಕೊಂಡು ಕೇಳುತ್ತೇನೆ. ಈಗ ಅದೂ ಬರುತ್ತದೆ ನನಗೆ.

ಎಲ್ಲಿ ನಿಂತರೂ ನಿಮ್ಮ ಹಿಮ್ಮಡಿಗೆ ಗಟ್ಟಿ ನೆಲ ಸಿಗಲಿ. ಉಸಿರು ನೀಳವಾಗಿರಲಿ.

ಎರಡೂ ಕೈ ಬೆನ್ನ ಹಿಂದೆ ಹಿಡಿದುಕೊಂಡು,
ನಿಮ್ಮ ಗೂಟ